ಸಿಜಿಪಿಎ ಲೆಕ್ಕವನ್ನು ಎರಡನೇ ಸೆಮಿಸ್ಟರಿನಲ್ಲೇ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗಲೆಲ್ಲ ಶೇಕಡಾ ಎಷ್ಟು ಮಂದಿ ಉತ್ತೀರ್ಣರಾದರು, ಯಾವ ಕಾಲೇಜಿಗೆ ರ‍್ಯಾಂಕ್ ಬಂತು ಎಂಬ ಸುದ್ದಿ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಉತ್ತೀರ್ಣರಾಗಿಯೂ ಮುಂದಿನ ಓದಿಗೆ ಅಥವಾ ಬಯಸಿದ ಕೆಲಸಕ್ಕೆ ಅರ್ಜಿ ಹಾಕಲು ಸಾಲದಷ್ಟು ಅಂಕಗಳೊಂದಿಗೆ ಕಾಲೇಜು ಬಿಡುವವರ ವಿಷಯ ಮಾತ್ರ ಎಲ್ಲಿಯೂ ಚರ್ಚೆಗೆ ಬರುವುದಿಲ್ಲ. ಕೊಡಗಿನ ಪದವಿ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತಳಾಗಿರುವ ನನ್ನ ಬಳಿಗೆ ಈಗಲೂ ಪ್ರತಿ ವರ್ಷ ಐದನೇ ಸೆಮಿಸ್ಟರಿನ ಮಕ್ಕಳು ತಂದೆ ತಾಯಿಯ ಜೊತೆ ಬಂದು, ಸಿಜಿಪಿಎ, ಅಂದರೆ ಪದವಿಯ ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ ಅಂಕ, ಏರಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಅದನ್ನು ಏರಿಸಲು ದಾರಿಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಐದನೇ ಸೆಮಿಸ್ಟರಿಗೆ ಬರುವ ಹೊತ್ತಿಗೆ ಮುಚ್ಚಿಹೋಗಿರುತ್ತವೆ. ಈ ಸರಳ ಗಣಿತವನ್ನು ಮೊದಲ ವರ್ಷದಲ್ಲೇ ಮಕ್ಕಳ ಮುಂದೆ ಇಡುವ ಏರ್ಪಾಡು ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಆಗಬೇಕೆಂದು ಕೋರುವುದಕ್ಕಾಗಿ ಈ ಪತ್ರ.

ಸರಾಸರಿ ಅಂಕಕ್ಕೆ ಇಷ್ಟೊಂದು ಮಹತ್ವ ಏಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಐಎಎಸ್, ಕೆಎಎಸ್ ಪರೀಕ್ಷೆಗೆ ಕೂರಲು ಪದವಿ ಇದ್ದರೆ ಸಾಕು, ಅದರಲ್ಲಿ ಎಷ್ಟು ಅಂಕ ಬಂದಿತ್ತೆಂದು ಯಾರೂ ಕೇಳುವುದಿಲ್ಲ. ಆದರೆ ಬಿ.ಇಡಿ. ಸೇರಬಯಸುವ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಪದವಿಯಲ್ಲಿ ಕನಿಷ್ಠ ಶೇ 50 ಬೇಕು. ಕಾಲೇಜು ಅಧ್ಯಾಪಕರಾಗಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನೆಟ್ ಅರ್ಹತಾ ಪರೀಕ್ಷೆ ಬರೆಯುವ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಬೇಕು, ಆ ಸ್ನಾತಕೋತ್ತರ ಸೀಟು ಸಿಗುವುದು ಪದವಿಯ ಅಂಕಗಳ ಮೇಲೆ. ಸೈನ್ಯದ ಹೆಸರು ಹೇಳಿ ಹೆಮ್ಮೆಪಡುವ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ವಾಯುಪಡೆಯ ಅಧಿಕಾರಿಗಳಾಗಿ ನೋಡುವ ಆಸೆಯಿದೆ. ಅದಕ್ಕಾಗಿ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆಯ ಹೆಚ್ಚಿನ ಶಾಖೆಗಳಿಗೆ ಪದವಿಯಲ್ಲಿ ಶೇ 60 ಇಲ್ಲದಿದ್ದರೆ ಅರ್ಜಿಯೇ ಊರ್ಜಿತವಾಗುವುದಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಅನೇಕ ಕಂಪನಿಗಳೂ ಎಸ್‌ಎಸ್‌ಎಲ್‌ಸಿಯಿಂದ ಪದವಿಯವರೆಗೆ ಶೇ 60ರ ಗೆರೆಯನ್ನೇ ಎಳೆದಿರುತ್ತವೆ. ಗೆರೆಯಿಂದ ಸ್ವಲ್ಪವೇ ಕೆಳಗೆ ಉಳಿದವರಿಗೆ ತಮ್ಮ ಸಾಮರ್ಥ್ಯ ತೋರಿಸುವ ಅವಕಾಶವೇ ಸಿಗುವುದಿಲ್ಲ ಎಂಬುದೇ ನನ್ನ ಸಂಕಟ.

ಈಗ ಲೆಕ್ಕಕ್ಕೆ ಬರುತ್ತೇನೆ. ಒಂದು ವಿಷಯದಲ್ಲಿ ಹತ್ತಕ್ಕೆ ಪಡೆದ ಗ್ರೇಡ್ ಅಂಕವನ್ನು ಆ ವಿಷಯದ ಕ್ರೆಡಿಟ್‌ನಿಂದ, ಅಂದರೆ ವಾರದ ತರಗತಿಯ ಗಂಟೆಗಳಿಗೆ ತಕ್ಕಂತೆ ಅದಕ್ಕೆ ಕೊಟ್ಟ ತೂಕದಿಂದ, ಗುಣಿಸಿ, ಹೀಗೆ ಎಲ್ಲ ವಿಷಯಗಳ ಗುಣಲಬ್ಧವನ್ನು ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ ದೊರೆಯುತ್ತದೆ. ಎಲ್ಲ ಸೆಮಿಸ್ಟರುಗಳ ಎಸ್‌ಜಿಪಿಎಗಳನ್ನು ಆಯಾ ಸೆಮಿಸ್ಟರಿನ ಕ್ರೆಡಿಟ್ ತೂಕದೊಂದಿಗೆ ಸೇರಿಸಿ ಸರಾಸರಿ ಮಾಡಿದರೆ ಅದೇ ಸಿಜಿಪಿಎ. ಆರು ಸೆಮಿಸ್ಟರುಗಳ ಪದವಿಯಲ್ಲಿ ಎಲ್ಲ ಸೆಮಿಸ್ಟರುಗಳಿಗೂ ಸಮಾನ ಕ್ರೆಡಿಟ್ ಇದೆ ಎಂದು ಇಟ್ಟುಕೊಳ್ಳೋಣ. ಈವರೆಗಿನ ಸರಾಸರಿ 6.2 ಇರುವ ವಿದ್ಯಾರ್ಥಿನಿಯೊಬ್ಬಳಿಗೆ ಕೊನೆಯಲ್ಲಿ 7 ಬೇಕಾಗಿದೆ. ಮೊದಲ ಸೆಮಿಸ್ಟರಿನ ನಂತರ ಎಚ್ಚೆತ್ತರೆ ಉಳಿದ ಐದರಲ್ಲಿ ಅವಳು ಸರಾಸರಿ 7.16 ಗಳಿಸಿದರೆ ಸಾಕು. ಎರಡರ ನಂತರವಾದರೆ 7.4 ಬೇಕು, ಅದೂ ಕೈಗೆಟುಕದ ಮಾತಲ್ಲ. ನಾಲ್ಕು ಸೆಮಿಸ್ಟರ್ ಕಳೆದ ಮೇಲೆ ಉಳಿದ ಎರಡರಲ್ಲೂ 8.6 ಬೇಕು, ಅಂದರೆ ಇಷ್ಟು ದಿನ ಆರರ ಆಸುಪಾಸಿನಲ್ಲಿದ್ದವಳು ಒಮ್ಮೆಗೇ ತರಗತಿಯ ಮೊದಲ ಸಾಲಿಗೆ ಬರಬೇಕು. ಐದು ಮುಗಿದ ಮೇಲೆ ಬೇಕಾಗುವುದು 11, ಹತ್ತರ ಪಟ್ಟಿಯಲ್ಲಿ ಅಂಥ ಅಂಕವೇ ಇಲ್ಲ. ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆ ತಪ್ಪಿದ ಕಾಫಿ ತೋಟಕ್ಕೆ ಡಿಸೆಂಬರಿನಲ್ಲಿ ನೀರು ಹಾಯಿಸಿ ಫಸಲು ನಿರೀಕ್ಷಿಸುವ ಬೆಳೆಗಾರ ನಮ್ಮಲ್ಲಿ ಯಾರೂ ಇಲ್ಲ, ಆದರೂ ಮಕ್ಕಳ ಓದಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಕೊನೆಯ ವರ್ಷ ಬಂದಾಗ ಟ್ಯೂಷನ್ನಿಗೆ ಸೇರಿಸಿ, ಫೋನ್ ಕಿತ್ತುಕೊಂಡು, ಹಬ್ಬಕ್ಕೂ ಮನೆಗೆ ಬರಬೇಡ ಎಂದು ಹೇಳುತ್ತೇವೆ.

ಹಾಗಾದರೆ ಮೊದಲ ಸೆಮಿಸ್ಟರ್ ನಮ್ಮಲ್ಲಿ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ ತರಗತಿಗಳು ಆರಂಭವಾಗುತ್ತವೆ, ಅದೇ ಹೊತ್ತಿಗೆ ಮುಂಗಾರು ಜೋರಾಗಿರುತ್ತದೆ. ಜಿಲ್ಲಾಡಳಿತ ರಜೆ ಘೋಷಿಸಿದ ದಿನಗಳ ಮಾತು ಬೇರೆ. ರಜೆ ಇಲ್ಲದ ದಿನಗಳಲ್ಲೂ ಸೂರ್ಲಬ್ಬಿಯಿಂದ, ಬಿರುನಾಣಿಯಿಂದ, ಭಾಗಮಂಡಲದ ಒಳಗ್ರಾಮಗಳಿಂದ ಬರುವವರಿಗೆ ಬರೆ (ರಸ್ತೆ ಬದಿಯ ಗುಡ್ಡದ ಅಂಚು) ಕುಸಿದೋ, ಮರ ಬಿದ್ದೋ ಬಸ್ಸು ಸಿಗುವುದಿಲ್ಲ. ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯದಂಥ ನದಿತೀರದ ಮನೆಗಳವರು 2019ರ ಪ್ರವಾಹದ ನಂತರ ಪ್ರತಿ ಆಗಸ್ಟಿನಲ್ಲೂ ಸಾಮಾನು ಕಟ್ಟಿಟ್ಟುಕೊಂಡೇ ಇರುತ್ತಾರೆ. ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಹೀಗೆ ಹರಿದು ಹಂಚಿಹೋದ ತರಗತಿಗಳ ನಡುವೆ ಕೈಲ್ ಮುಹೂರ್ತ, ತೀರ್ಥೋದ್ಭವ, ಹುತ್ತರಿ ಹಬ್ಬಗಳು ಬಂದು ಹೋಗುತ್ತವೆ. ಪರೀಕ್ಷೆಯ ವೇಳಾಪಟ್ಟಿ ಬರುವಷ್ಟರಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿರುತ್ತದೆ, ಅದರ ಬೆನ್ನಿಗೆ ರೊಬಸ್ಟಾ ಬರುತ್ತದೆ. ಸಣ್ಣ ಬೆಳೆಗಾರರ ಮನೆಯ ಮಕ್ಕಳೂ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳೂ ಆ ದಿನಗಳಲ್ಲಿ ತೋಟಕ್ಕೆ ಇಳಿಯದೆ ನಡೆಯುವುದಿಲ್ಲ. ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಬೆಂಗಳೂರಿನ ವಿದ್ಯಾರ್ಥಿಗೆ ಹೇಳುವ ಉಪದೇಶವನ್ನೇ ಇಲ್ಲಿನವರಿಗೂ ಹೇಳಿದರೆ ಪ್ರಯೋಜನವಿಲ್ಲ, ಇಲ್ಲಿನ ಪಂಚಾಂಗವನ್ನು ಮುಂದಿಟ್ಟುಕೊಂಡೇ ಓದಿನ ಯೋಜನೆ ಮಾಡಬೇಕು ಎಂಬುದಷ್ಟೇ ನನ್ನ ಮಾತು.

ಆ ಯೋಜನೆಯಲ್ಲಿ ಮೊದಲು ನೋಡಬೇಕಾದದ್ದು ಆಂತರಿಕ ಅಂಕಗಳನ್ನು, ಮಕ್ಕಳು ಹೇಳುವ ಇಂಟರ್ನಲ್ಸ್ ಅನ್ನು. ನೂರಕ್ಕೆ 40 ಅಂಕ ಆಂತರಿಕವಾಗಿದ್ದ ಪಠ್ಯಕ್ರಮವೂ ಇತ್ತು, 20 ಅಂಕದ ಪಠ್ಯಕ್ರಮವೂ ಇದೆ. ಯಾವುದೇ ಆಗಲಿ, ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್ ಎಂದು ಹಂಚಿಹೋಗಿರುವ ಈ ಅಂಕಗಳು ಸೆಮಿಸ್ಟರಿನ ನಡುವೆಯೇ ನಿರ್ಧಾರವಾಗುತ್ತವೆ. ಇಪ್ಪತ್ತರಲ್ಲಿ ಹನ್ನೆರಡು ಬಂದವನಿಗೂ ಹದಿನೆಂಟು ಬಂದವನಿಗೂ ಇರುವ ಆರು ಅಂಕಗಳ ಅಂತರವನ್ನು ಮುಖ್ಯ ಪರೀಕ್ಷೆಯಲ್ಲಿ ತುಂಬಿಕೊಳ್ಳುವುದು ಎಷ್ಟು ಕಷ್ಟವೆಂಬುದು ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಗೊತ್ತು. ಹದಿನೆಂಟು ಬರಲು ಅಪಾರ ಬುದ್ಧಿವಂತಿಕೆ ಬೇಕಿಲ್ಲ. ಕೊಟ್ಟ ದಿನಾಂಕಕ್ಕೆ ಅಸೈನ್‌ಮೆಂಟ್ ಒಪ್ಪಿಸಬೇಕು, ಅದನ್ನು ಗೆಳೆಯನ ಪುಸ್ತಕದಿಂದ ಇಳಿಸಿಕೊಳ್ಳದೆ ಸ್ವಂತ ಬರೆದಿರಬೇಕು, ಸೆಮಿನಾರಿಗೆ ಹೆಸರು ಕರೆದಾಗ ತಲೆ ತಗ್ಗಿಸಬಾರದು, ಕಿರುಪರೀಕ್ಷೆಗೆ ಹಾಜರಿರಬೇಕು. ಈ ಕೊನೆಯದೇ ನಮ್ಮಲ್ಲಿ ಕೈಕೊಡುವುದು. ಮಳೆಯ ನಡುವೆ ಸಿಕ್ಕ ಒಂದು ಬಿಡುವಿನಲ್ಲಿ ಕಾಲೇಜು ಪರೀಕ್ಷೆ ಮುಗಿಸುತ್ತದೆ, ಆ ದಿನ ಬಸ್ಸು ಸಿಗದವನು ಶೂನ್ಯ ಪಡೆಯುತ್ತಾನೆ, ಮರುಪರೀಕ್ಷೆ ಕೇಳಲು ಹೋದರೆ ವೈದ್ಯರ ಪ್ರಮಾಣಪತ್ರ ತರುವಂತೆ ಹೇಳುತ್ತಾರೆ. ಬರೆ ಕುಸಿದದ್ದಕ್ಕೆ ಯಾವ ವೈದ್ಯರು ಪ್ರಮಾಣಪತ್ರ ಕೊಡಬೇಕು?

ಕ್ರೆಡಿಟ್‌ನ ವಿಷಯದಲ್ಲಿ ಮಕ್ಕಳಲ್ಲಿರುವ ಗೊಂದಲವೂ ಸಣ್ಣದಲ್ಲ. ಯುಜಿಸಿಯ ವಿವರಣೆಯಂತೆ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿಗೆ ಒಂದು ಕ್ರೆಡಿಟ್. ಒಟ್ಟು 25 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ ಐದು ಕ್ರೆಡಿಟ್‌ನ ವಿಷಯದಲ್ಲಿ ಒಂದು ಗ್ರೇಡ್ ಅಂಕ ಹೆಚ್ಚಾದರೆ ಎಸ್‌ಜಿಪಿಎ 0.20ರಷ್ಟು ಏರುತ್ತದೆ, ಎರಡು ಕ್ರೆಡಿಟ್‌ನ ವಿಷಯದಲ್ಲಿ ಅದೇ ಏರಿಕೆ ಬರೀ 0.08 ತರುತ್ತದೆ. ಇದನ್ನು ಕೇಳಿದೊಡನೆ ದೊಡ್ಡ ವಿಷಯಗಳನ್ನಷ್ಟೇ ಓದುತ್ತೇವೆ ಎಂದು ಹೊರಡುವವರಿಗೆ ಒಂದು ಮಾತು: ಕಷ್ಟದ ಐದು ಕ್ರೆಡಿಟ್ ವಿಷಯದಲ್ಲಿ ಒಂದು ಗ್ರೇಡ್ ಮೇಲೇರಲು ಬೇಕಾಗುವ ಶ್ರಮದಲ್ಲಿ ಸುಲಭದ ಎರಡು ಕ್ರೆಡಿಟ್ ವಿಷಯದಲ್ಲಿ ಮೂರು ಗ್ರೇಡ್ ಏರಬಹುದಾದರೆ ಅಲ್ಲಿ 0.24 ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಭಾಷಾ ವಿಷಯಗಳು. ಎರಡು ಭಾಷೆಗಳು, ತಲಾ ಮೂರು ಕ್ರೆಡಿಟ್, ನಾಲ್ಕು ಸೆಮಿಸ್ಟರ್ ಎಂದು ಲೆಕ್ಕ ಹಾಕಿದರೆ 24 ಕ್ರೆಡಿಟ್ ಆಯಿತು, ಹೆಚ್ಚುಕಡಿಮೆ ಒಂದು ಇಡೀ ಸೆಮಿಸ್ಟರಿನ ತೂಕ. ಕನ್ನಡ ಗೊತ್ತಿರುವ ಭಾಷೆ, ಓದದಿದ್ದರೂ ನಡೆಯುತ್ತದೆ ಎಂದುಕೊಂಡು ಹೋಗಿ ಐವತ್ತರ ಆಸುಪಾಸಿನಲ್ಲಿ ನಿಲ್ಲುವವರನ್ನು ನಾನು ಬಹಳ ಕಂಡಿದ್ದೇನೆ. (ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ ಮಾತನಾಡುವ ಮಕ್ಕಳು ಕನ್ನಡವನ್ನು ಶ್ರದ್ಧೆಯಿಂದ ಓದಿ ಹೆಚ್ಚು ಅಂಕ ಪಡೆಯುವುದೂ ನಮ್ಮ ತರಗತಿಗಳಲ್ಲಿ ಸಾಮಾನ್ಯ ಸಂಗತಿ.)

ಗ್ರೇಡನ್ನು ಅಂಕಗಳ ಗುಂಪುಗಳಾಗಿ ವಿಂಗಡಿಸಿರುವ ಕಡೆ ಇನ್ನೊಂದು ಸೂಕ್ಷ್ಮವಿದೆ. ಎಪ್ಪತ್ತಕ್ಕೆ ಗ್ರೇಡ್ ಬದಲಾಗುವುದಾದರೆ, 61ಕ್ಕೂ 69ಕ್ಕೂ ಸಿಜಿಪಿಎಯಲ್ಲಿ ವ್ಯತ್ಯಾಸವಿಲ್ಲ, 69ಕ್ಕೂ 70ಕ್ಕೂ ಒಂದು ಪೂರ್ಣ ಗ್ರೇಡ್ ಅಂಕದ ವ್ಯತ್ಯಾಸವಿದೆ. ಹೀಗಾಗಿ ಗಡಿಯ ಹತ್ತಿರವಿರುವ ವಿಷಯ ಯಾವುದು ಎಂದು ಆಂತರಿಕ ಅಂಕಗಳು ಬಂದ ತಕ್ಷಣ ಗುರುತಿಸಿಕೊಳ್ಳುವುದು ಜಾಣತನ. ಮರುಮೌಲ್ಯಮಾಪನಕ್ಕೆ ಹಾಕುವಾಗಲೂ ಇದೇ ದೃಷ್ಟಿ ಇರಬೇಕು: ಮೊದಲು ಉತ್ತರಪತ್ರಿಕೆಯ ನಕಲು ತರಿಸಿಕೊಂಡು, ಪಾಠ ಮಾಡಿದ ಅಧ್ಯಾಪಕರಿಗೆ ತೋರಿಸಿ, ಆಮೇಲೆ ಹಣ ಕಟ್ಟಬೇಕು.

ನಿಯಮಗಳ ಬಗ್ಗೆ ಅಣ್ಣಂದಿರ, ಅಕ್ಕಂದಿರ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನೂ ಹೇಳಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇದರ ನಡುವೆ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ನಮ್ಮ ಜಿಲ್ಲೆಗೆ 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೇ ಆರಂಭವಾಯಿತು. ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮಗಳಿಗೆ ಒಳಪಟ್ಟರೆ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದವರು. ಒಂದೇ ಮನೆಯ ಮೂವರು ಮಕ್ಕಳು ಮೂರು ಬಗೆಯ ನಿಯಮಗಳಲ್ಲಿ ಓದಿದ ಉದಾಹರಣೆಗಳಿವೆ. ಆಂತರಿಕ ಅಂಕಗಳ ಪ್ರಮಾಣ, ಅನುತ್ತೀರ್ಣವಾದ ವಿಷಯವನ್ನು ಮತ್ತೆ ಬರೆಯುವ ಅವಕಾಶ, ಉತ್ತೀರ್ಣರಾದವರೂ ಅಂಕ ಸುಧಾರಣೆಗಾಗಿ ಬರೆಯಬಹುದೇ ಇಲ್ಲವೇ, ಸಿಜಿಪಿಎಯನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರ, ಇವೆಲ್ಲ ಒಂದೊಂದು ಕಡೆ ಒಂದೊಂದು ರೀತಿ. ತನ್ನ ತಂಡಕ್ಕೆ ಅನ್ವಯಿಸುವ ನಿಯಮಾವಳಿಯ ಕೆಲವು ಪುಟಗಳನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಓದಲೇಬೇಕು. ಹಾಜರಾತಿ ಶೇ 75ರ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ಇನ್ನು ಓದುವ ಕ್ರಮ. ನಮ್ಮ ಮಕ್ಕಳು ಸೋಮಾರಿಗಳು ಎಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ಅವರಲ್ಲಿ ಅನೇಕರು ಗಂಟೆಗಟ್ಟಲೆ ಓದುತ್ತಾರೆ, ಆದರೆ ಅದೇ ನೋಟ್ಸನ್ನು ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ನೇರ ಉತ್ತರ ಕೊಡುತ್ತದೆ. ಒಂದು ಪಠ್ಯವನ್ನು ನಾಲ್ಕು ಸರದಿ ಓದಿದ ಗುಂಪು, ಒಂದು ಸರದಿ ಓದಿ ಮೂರು ಬಾರಿ ಪುಸ್ತಕ ನೋಡದೆ ನೆನಪಿನಿಂದ ಬರೆದ ಗುಂಪು, ಇವೆರಡನ್ನು ಹೋಲಿಸಿದಾಗ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದು ನೋಡಿಕೊಂಡವರಿಗೆ ಸುಮಾರು ಶೇ 61. ಹಿಂದಿನ ರಾತ್ರಿ ಓದಿದ್ದೆಲ್ಲ ಬಾಯಿಗೆ ಬಂದಂತಿದ್ದು ಪರೀಕ್ಷಾ ಕೊಠಡಿಯಲ್ಲಿ ಮರೆತುಹೋಯಿತು ಎನ್ನುವ ಮಕ್ಕಳ ಗೋಳಿಗೆ ಕಾರಣ ಇಲ್ಲಿದೆ. ಪುಸ್ತಕ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ಉತ್ತರ ಬರೆದು, ತಪ್ಪಿದ್ದನ್ನು ಪುಸ್ತಕದಲ್ಲಿ ಹುಡುಕಿ, ಮೂರ‍್ನಾಲ್ಕು ದಿನ ಬಿಟ್ಟು ಮತ್ತೆ ಅದನ್ನೇ ಬರೆಯುವ ಕ್ರಮಕ್ಕೆ ಇಂಟರ್ನೆಟ್ ಬೇಡ, ಕರೆಂಟ್ ಕೂಡ ಬೇಡ, ಮಳೆಗಾಲದ ರಜೆಯಲ್ಲಿ ಮನೆಯಲ್ಲೇ ಕೂತು ಮಾಡಬಹುದು. ಮೊದಮೊದಲು ಬೇಸರ ತರಿಸುತ್ತದೆ, ಏಕೆಂದರೆ ತನಗೆ ಎಷ್ಟು ಬರುವುದಿಲ್ಲ ಎಂಬುದು ಅದರಿಂದ ಬೇಗ ಗೊತ್ತಾಗುತ್ತದೆ. ಆ ಬೇಸರವನ್ನು ಎರಡು ವಾರ ತಡೆದುಕೊಂಡವರು ಮತ್ತೆ ಹಳೆಯ ಕ್ರಮಕ್ಕೆ ಮರಳಿದ್ದನ್ನು ನಾನು ಕಂಡದ್ದು ಕಡಿಮೆ. ಪರೀಕ್ಷೆಯ ಹಿಂದಿನ ದಿನ ನಿದ್ದೆಗೆಡುವ ಚಟವೂ ಇದರೊಂದಿಗೆ ತಾನಾಗಿ ಕಡಿಮೆಯಾಗುತ್ತದೆ.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ.ಗೆ ಬರುವವರ ಕಷ್ಟ ಇನ್ನೊಂದು ಬಗೆಯದು. ಅವರು ಇಂಗ್ಲಿಷ್ ಉತ್ತರವನ್ನು ಅರ್ಥವಾಗದೆಯೇ ಕಂಠಪಾಠ ಮಾಡುತ್ತಾರೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದರೆ ಪೆನ್ನು ಕೆಳಗಿಡುತ್ತಾರೆ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆಗಿದ್ದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಬೇಕೆಂದು ಯುಜಿಸಿ ಅಧ್ಯಕ್ಷರು 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದ್ದಾರೆ. ಕನ್ನಡದಲ್ಲಿ ಬರೆಯಲು ಅವಕಾಶವಿರುವ ಕಡೆಗಳಲ್ಲೂ ಅಂಕ ಕಡಿಮೆ ಬೀಳುತ್ತದೆ ಎಂಬ ಭಯದಿಂದ ಮಕ್ಕಳು ಹಿಂಜರಿಯುತ್ತಾರೆ. ಮೌಲ್ಯಮಾಪನ ಮಾಡಿದ ಅನುಭವದಿಂದ ಹೇಳುವುದಾದರೆ, ಅರ್ಥಮಾಡಿಕೊಂಡು ಕನ್ನಡದಲ್ಲಿ ಬರೆದ ಒಂದೂವರೆ ಪುಟದ ಉತ್ತರಕ್ಕೆ, ಮುರಿದ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪುಟಗಳಿಗಿಂತ ಹೆಚ್ಚು ಅಂಕ ಕೊಡುವುದು ಪರೀಕ್ಷಕರಿಗೆ ಕಷ್ಟವೇನಲ್ಲ. ಹೀಗೆಂದ ಮೇಲೆ, ಪದವಿಯ ನಂತರ ಇಂಗ್ಲಿಷ್ ಬೇಕೇ ಬೇಕು ಎನ್ನುವ ವಾಸ್ತವವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದ್ದರಿಂದ ಮೊದಲ ಎರಡು ಸೆಮಿಸ್ಟರುಗಳಲ್ಲಿ ಪಾಠವನ್ನು ಕನ್ನಡದಲ್ಲಿ ಅರಿತು, ಉತ್ತರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಕಟ್ಟುವ ಅಭ್ಯಾಸವನ್ನು ಅಧ್ಯಾಪಕರೇ ಮಾಡಿಸಬೇಕು.

ಕಾಲೇಜುಗಳಿಂದ ನಾನು ಕೇಳುವುದು ದೊಡ್ಡ ಖರ್ಚಿನದೇನಲ್ಲ. ಎರಡನೇ ಸೆಮಿಸ್ಟರ್ ಆರಂಭವಾದ ತಿಂಗಳಲ್ಲಿ ಒಂದು ತರಗತಿಯ ಅವಧಿಯನ್ನು ಮೀಸಲಿಟ್ಟು, ಪ್ರತಿ ವಿದ್ಯಾರ್ಥಿಯೂ ತನ್ನದೇ ಅಂಕಗಳಿಂದ ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡುವಂತೆ ನೋಡಿಕೊಳ್ಳಲಿ. ಮೊದಲ ಸೆಮಿಸ್ಟರಿನ ಫಲಿತಾಂಶ ತಡವಾಗಿ ಬರುವುದು ಮಾಮೂಲಾಗಿರುವುದರಿಂದ, ಅಲ್ಲಿಯವರೆಗೆ ಆಂತರಿಕ ಅಂಕಗಳಿಂದಲೇ ಅಂದಾಜು ಮಾಡಬಹುದು. ಅಧ್ಯಾಪಕರೊಬ್ಬರು ಕೆಲವು ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿರುವ ಮೆಂಟರ್ ವ್ಯವಸ್ಥೆ ಈಗಾಗಲೇ ಇದೆಯಲ್ಲ ಎಂದು ಪ್ರಾಂಶುಪಾಲರು ಹೇಳಬಹುದು. ಇದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಕಡತಗಳಲ್ಲಿ ಬಹಳ ಅಚ್ಚುಕಟ್ಟಾಗಿಯೇ ಇರುತ್ತದೆ. ಆ ಕಡತದಲ್ಲಿ ವಿದ್ಯಾರ್ಥಿಯ ರಕ್ತದ ಗುಂಪು, ಹವ್ಯಾಸಗಳನ್ನು ಬರೆಸಿಕೊಳ್ಳುವ ಜಾಗದಲ್ಲಿ ಎಷ್ಟು ಸಿಜಿಪಿಎ ಗುರಿ, ಅದಕ್ಕೆ ಉಳಿದ ಸೆಮಿಸ್ಟರುಗಳಲ್ಲಿ ಎಷ್ಟು ಬೇಕು ಎಂಬ ಎರಡು ಅಂಕಿಗಳನ್ನು ಸೇರಿಸಿದರೆ ಅದಕ್ಕೊಂದು ಉಪಯೋಗ ಬರುತ್ತದೆ. ಹಾಗೆಯೇ ಕಾಲೇಜಿನ ಗ್ರಂಥಾಲಯ ತರಗತಿ ಮುಗಿದ ಮೇಲೆ ತೆರೆದಿದ್ದರೂ, ಸಂಜೆಯ ಕೊನೆಯ ಬಸ್ಸು ಹಿಡಿಯಬೇಕಾದವರಿಗೆ, ಅದರಲ್ಲೂ ಆನೆ ಓಡಾಡುವ ದಾರಿಯಲ್ಲಿ ಕತ್ತಲಾಗುವ ಮೊದಲು ಮನೆ ಸೇರಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದು ತರಗತಿಗಾಗಿ ಕಾಯುತ್ತ ನಿಲ್ಲುವ ಹೊತ್ತಿನಲ್ಲಿ ಅದರ ಬಾಗಿಲು ತೆಗೆದಿರಲಿ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಗಬೇಕಾದದ್ದು ಒಂದಿದೆ. ಜಿಲ್ಲಾಡಳಿತ ರಜೆ ಘೋಷಿಸಿದ ದಿನ ಮಾತ್ರವಲ್ಲ, ರಸ್ತೆ ಕಡಿತಗೊಂಡ ಗ್ರಾಮಗಳ ವಿದ್ಯಾರ್ಥಿಗಳಿಗೂ ಗ್ರಾಮ ಪಂಚಾಯಿತಿಯ ಒಂದು ದೃಢೀಕರಣದ ಆಧಾರದ ಮೇಲೆ ಕಿರುಪರೀಕ್ಷೆಯ ಮರು ಅವಕಾಶ ಸಿಗುವಂತೆ ಸುತ್ತೋಲೆ ಹೊರಡಿಸಬೇಕು, ಮತ್ತು ಬೆಸ ಸೆಮಿಸ್ಟರುಗಳ ಮೊದಲ ಕಿರುಪರೀಕ್ಷೆಯನ್ನು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಟ್ಟುಕೊಳ್ಳದೆ ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂದೂಡಬೇಕು. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಸಂಬಂಧಪಟ್ಟವರು ಇದನ್ನು ಪರಿಶೀಲಿಸುವಂತಾಗಲು ತಮ್ಮ ಪತ್ರಿಕೆಯಲ್ಲಿ ಈ ಪತ್ರಕ್ಕೆ ಸ್ಥಳ ಕೊಡಬೇಕಾಗಿ ವಿನಂತಿ.

ಇಂತಿ,
ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕಿ
ಗೋಣಿಕೊಪ್ಪಲು, ದಕ್ಷಿಣ ಕೊಡಗು